ಗಾಜು ತಟ್ಟುವ ಮೀನುಡಾಕ್ಟ್ರು

ನಮ್ಮ ಬೀದಿಯಲ್ಲೊಬ್ಬ ಮೀನುಡಾಕ್ಟ್ರು ಇದ್ದಾನೆ. ಓದಿದ ಡಾಕ್ಟರಲ್ಲ, ಮಿದುಳಿನ ಸಂಶೋಧನಾಲಯದಲ್ಲಿ ಮೀನುತೊಟ್ಟಿ ತೊಳೆದು ಮೇವು ಹಾಕುವವನು. ಅದೇನೂ ಕೀಳು ಕೆಲಸವಲ್ಲ. ಊರವರ ಹಣೆಬರಹ ಓದುವ ಕೆಲಸವನ್ನು ಇವನಿಗೆ ಕೊಟ್ಟವರು ಯಾರು ಎಂಬುದಷ್ಟೇ ನನ್ನ ತಕರಾರು.

ಅಲ್ಲಿನ ವಿಜ್ಞಾನಿ ಒಬ್ಬ ಹೆಂಗಸು. ಒಂದೇ ತಾಯಿಯ ಮೊಟ್ಟೆಯೊಡೆದು, ಒಂದೇ ನೀರಲ್ಲಿ ಬೆಳೆದ ಮೀನುಗಳೂ ಒಂದರಂತೆ ಒಂದಿರುವುದಿಲ್ಲವಂತೆ. ತೊಟ್ಟಿಗೆ ಬಣ್ಣದ ಗೋಲಿಯೊಂದನ್ನು ಬಿಟ್ಟರೆ ಒಂದು ಮೀನು ಹತ್ತಿರ ಬಂದು ನೋಡುತ್ತದೆ, ಇನ್ನೊಂದು ಮೂಲೆ ಹಿಡಿಯುತ್ತದೆ. ಎರಡರ ಮಿದುಳಿಗೂ ಏನು ವ್ಯತ್ಯಾಸವೆಂದು ತಿಳಿದರೆ ಮನುಷ್ಯರ ಅಂಜಿಕೆಯ ಬೇರೂ ಒಂದಿಷ್ಟು ಸಿಕ್ಕೀತು ಎಂಬುದು ಆಕೆಯ ಆಸೆ. ಒಳ್ಳೆಯ ಆಸೆ. ನಮ್ಮವನು ಅದರಿಂದ ಕಲಿತದ್ದು ಎರಡೇ ಮಾತು: ಧೈರ್ಯದ ಮೀನು, ಪುಕ್ಕಲು ಮೀನು.

ಹಾಲಿನವನು ಪುಕ್ಕಲು, ದರ್ಜಿ ಪುಕ್ಕಲು, ಹೆಂಡತಿಯ ತವರಿನವರಂತೂ ಸಾರಾಸಗಟಾಗಿ ಪುಕ್ಕಲು. ಧೈರ್ಯದ ಮೀನು ತಾನೊಬ್ಬನೇ. ನಾಯಿ ಕಂಡರೆ ಇವನು ರಸ್ತೆ ದಾಟುವುದನ್ನು ನಾವೆಲ್ಲ ನೋಡಿದ್ದೇವೆ, ಬಿಡಿ.

ನಗುವ ವಿಷಯವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅವನ ಕಿರಿಯ ಮಗಳಿಗೆ ವೆಲ್ಡಿಂಗ್ ಕಲಿಯುವ ಹಂಬಲ. ಅಪ್ಪ ಹೂಂ ಅನ್ನಬೇಕಿತ್ತು.

"ಕಿಡಿ ಕಂಡ್ರೆ ಮೂಲೆ ಸೇರೋ ಮೀನು ಇದು. ಮಿದುಳಲ್ಲೇ ಹಾಗಿದೆ, ನಾವೇನ್ ಮಾಡಕ್ಕಾಗುತ್ತೆ?" ಎಂದುಬಿಟ್ಟ.

ಅವಳು ಮಾತು ಕಡಿಮೆಯವಳು, ನಿಜ. ಮನೆಗೆ ಬಂದವರು ಅವಳನ್ನು ಏನಾದರೂ ಕೇಳಿದರೆ ಈತ ಬೆರಳಿನ ಉಂಗುರದಿಂದ ಮೇಜು ಕುಟ್ಟಿ 'ಹೇಳು, ಹೇಳು' ಎನ್ನುವನು. ಅವಳು ಬಾಯಿ ತೆರೆಯುವ ಮೊದಲೇ ತಾನೇ ಉತ್ತರ ಕೊಡುವನು. ಆಮೇಲೆ, ನೋಡಿದ್ರಾ, ಪುಕ್ಕಲು ಎಂದು ಷರಾ.

ಅತ್ತ ಸಂಶೋಧನಾಲಯದಲ್ಲಿ ಬಾಗಿಲ ಪಕ್ಕದ ತೊಟ್ಟಿಯ ಮೀನುಗಳೆಲ್ಲ ಮೂಲೆ ಹಿಡಿಯತೊಡಗಿದವು. ಒಂದೇ ತೊಟ್ಟಿಯಲ್ಲಿ ಅಷ್ಟೂ ಪುಕ್ಕಲೇ? ಅನುಮಾನ ಬಂದು ವಿಜ್ಞಾನಿ ಕ್ಯಾಮೆರಾ ಇಡಿಸಿದರು. ಅದರಲ್ಲಿ ಕಂಡವನು ನಮ್ಮ ಡಾಕ್ಟ್ರು: ಬೆಳಗ್ಗೆ ಒಳಗೆ ಬರುತ್ತಲೇ ಕೈಗೆ ಸಿಗುವ ಆ ತೊಟ್ಟಿಯ ಗಾಜಿಗೆ ಉಂಗುರದಿಂದ ಟಕಟಕ. ಮೀನುಗಳನ್ನು ಮಾತಾಡಿಸುವುದಂತೆ! ಆ ತೊಟ್ಟಿಯ ಮೇಲೆ ಮಾಡಿದ ಕೆಲಸವಷ್ಟೂ ನೀರುಪಾಲು.

ಆಕೆ ಬೈಯಲಿಲ್ಲ. "ಅವುಗಳ ಸ್ವಭಾವ ನಮಗಿನ್ನೂ ಗೊತ್ತಾಗಿಲ್ಲ. ನಿಮಗೆ ಹೆದರ್ತವೆ ಅನ್ನೋದಷ್ಟೇ ಗೊತ್ತಾಯ್ತು" ಎಂದರಂತೆ.

ನಾಚಿಕೆಗೆಟ್ಟವನು ಅದನ್ನೂ ಮನೆಯಲ್ಲಿ ಊಟದ ಹೊತ್ತಿಗೆ ಬಡಾಯಿಯಾಗಿಯೇ ಹೇಳಿಕೊಂಡ. ಮೀನೂ ನನಗೆ ಹೆದರುತ್ತದೆ ಎಂದು ನಕ್ಕ. ಮಗಳ ಕಣ್ಣು ಅವನ ಉಂಗುರದ ಮೇಲಿತ್ತು.

ಅವನು ಮೇಜು ಕುಟ್ಟಿದ. "ಏನೇ, ಯಾಕೆ ಸುಮ್ನಿದೀಯ? ಹೇಳು."

ಅವಳು ಅವನ ಕೈಮೇಲೆ ಕೈಯಿಟ್ಟಳು. "ತಟ್ಟಬೇಡಪ್ಪ. ಒಂಚೂರು ಸುಮ್ನಿದ್ರೆ ಹೇಳ್ತೀನಿ." ಆಮೇಲೆ ನಿಧಾನವಾಗಿ, "ಸೋಮವಾರದಿಂದ ವೆಲ್ಡಿಂಗ್ ಕಲಿಯಕ್ಕೆ ಹೋಗ್ತೀನಿ" ಅಂದಳು.

ಡಾಕ್ಟ್ರು ಅವಸರದಲ್ಲಿ ಬಾಯಿಗೆ ತುತ್ತು ತುಂಬಿಕೊಂಡ. "ಹೂಂ ಅನ್ರೀ. ಬಾಯಲ್ಲಿ ತುತ್ತಿದ್ರೂ ಹೂಂ ಅನ್ಬಹುದು" ಎಂದಳು ಹೆಂಡತಿ. ಅಂದ. ಬೇರೆ ದಾರಿ ಇರಲಿಲ್ಲ.

ಮೊನ್ನೆ ನಮ್ಮ ಮನೆಯ ಮುರಿದ ಗೇಟಿಗೆ ಬೆಸುಗೆ ಹಾಕಲು ಬಂದದ್ದು ಅವಳೇ. ಹಿಂದೆಯೇ ಅಪ್ಪನ ಸವಾರಿ. "ಧೈರ್ಯದ ಮೀನು, ನಮ್ಮ ವಂಶದ್ದು! ನಾನು ಮೊದಲೇ ಹೇಳಿರ್ಲಿಲ್ವಾ?" ಎನ್ನುತ್ತ ಗೇಟು ಕುಟ್ಟಲು ಉಂಗುರದ ಕೈ ಎತ್ತಿದ.

ಮಗಳು ಮುಖಕ್ಕೆ ಗುರಾಣಿ ಇಳಿಸಿಕೊಂಡು ಕಿಡಿ ಹಾರಿಸಿದಳು. ಡಾಕ್ಟ್ರು ಕಾಂಪೌಂಡಿನ ಮೂಲೆ ಹಿಡಿದರು.