‘ಆತ್ರಿ’ ಅಂದರೆ ಮನೆ ಮಾರಿದಂತಲ್ಲ

ದೋಸ್ತರೇ, ಮನೆ ಮಾರುವವರು ನಮ್ಮ ಕಡೆಯ ‘ಆತ್ರಿ’ಯನ್ನು, ಅಂದರೆ ‘ಆಯ್ತು ರೀ’ಯನ್ನು, ಮಾತ್ರ ನಂಬಬೇಡಿ.

ನಾನು ಮಡಗಾಂವ್‌ನಲ್ಲಿ ದುಡಿಯುವವನು. ಬೆಟಗೇರಿಯ ಈ ಮನೆ ಮಾರಿದರೆ ಮಾತ್ರ ಅಲ್ಲಿ ನನಗೂ ಹೆಂಡತಿಗೂ ಸ್ವಂತದ್ದೊಂದು ಸೂರು. ಅದಕ್ಕೇ ರಜೆ ಹಾಕಿ ಬಂದಿದ್ದೇನೆ. ಇವತ್ತು ನಾನು ಹೊರಗೆ ಹೋದಾಗ ಲಕ್ಷ್ಮೇಶ್ವರದವರೊಬ್ಬರು ಮನೆ ನೋಡಲು ಬಂದರಂತೆ. ತೋರಿಸಿದ್ದು ನಮ್ಮ ಕಾಕಾ. ನಾನು ಮರಳಿ ಬಂದರೆ ‘ಮನೆ ಮಾರಾಟಕ್ಕಿದೆ’ ಅನ್ನುವ ಬೋರ್ಡೇ ಇಲ್ಲ!

“ಮನಿ ಹೋತಲೇ!” ಎಂದರು ಕಾಕಾ. “ಲಕ್ಷ್ಮೇಶ್ವರದಾವ್ರು ಆತ್ರಿ ಅಂದ್ರು. ನಿನ್ನೆ ನೋಡಿ ಹೋದ ಮುಂಡರಗಿ ಮಾಸ್ತರು ಖಾಯಂ ಮಾಡಾಕ ಬಂದಿದ್ರು. ಕೊಟ್ಟಾತು ಅಂತ ಹೇಳಿ ಕಳಿಸಿದೆ.”

ಖಚಿತ ಮಾಡಿಕೊಳ್ಳಲು ಲಕ್ಷ್ಮೇಶ್ವರಕ್ಕೆ ಫೋನ್ ಹಚ್ಚಿದೆ.

“ಮನಿ ನಮಗ ಸಣ್ಣದಾಕ್ಕೈತಿ, ತಮ್ಮಾ,” ಎಂದರು ಅವರು. “ಆತ್ರಿ ಅಂದಿದ್ದು ಚಾ ಸಾಕು ಅಂತ! ನಿಮ್ಮ ಕಾಕಾ ಬ್ಯಾಡಂದ್ರೂ ಬಸಿಗೆ ಚಾ ಸುರುವಾಕತ್ತಿದ್ರು.”

ಗಡಬಡಿಸಿ ಮಾಸ್ತರಿಗೆ ಫೋನ್ ಮಾಡಿದರೆ, ಅವರು ಆಗಲೇ ಬಿಂಕದಕಟ್ಟಿಯಲ್ಲಿ ಬೇರೆ ಮನೆಗೆ ಮುಂಗಡ ಕೊಟ್ಟು ಬಂದಿದ್ದರು.

“ಕಾಕಾ, ಕೈ ಮುಗೀತೀನಿ,” ಎಂದೆ. “ಕರಾರು ಬರದು ಸಹಿ ಬೀಳೂತನಕ ಬಂದವ್ರಿಗೆ ಮನಿ ಕೊಟ್ಟೀವಿ ಅನಬ್ಯಾಡ್ರಿ. ಬೋರ್ಡಿಗೂ ಕೈ ಹಚ್ಚಬ್ಯಾಡ್ರಿ.”

ಕಾಕಾ ಉಳಿದ ಚಹಾವನ್ನು ಬಸಿಗೆ ಸುರಿದುಕೊಂಡು, ಒಮ್ಮೆ ಸೊರ್ ಎಂದು ಎಳೆದು, “ಆತಪಾ,” ಎಂದರು.

ಆ ‘ಆತು’ ನನ್ನ ಮಾತಿಗೋ ಚಹಾಕ್ಕೋ ಗೊತ್ತಾಗಲಿಲ್ಲ. ಬೋರ್ಡನ್ನು ಈ ಸಲ ಮೊಳೆ ಹೊಡೆದು ಕೂರಿಸಿದ್ದೇನೆ.