ಬದುವಿನ ಮೇಲಿನ ಹೆಂಗಸು ಮತ್ತು ನಾಲ್ಕು ಅಂಕ

ಹತ್ತನೆಯ ತರಗತಿಯ ಕನ್ನಡ ಪತ್ರಿಕೆ ಮುಗಿಸಿ ನಾವು ಮೂವರು ಸುರಪುರದ ಪರೀಕ್ಷಾ ಕೇಂದ್ರದ ಹೊರಗೆ ಬೇವಿನ ಮರದ ಕೆಳಗೆ ಕೂತಾಗ ಮಧ್ಯಾಹ್ನ ಒಂದು ದಾಟಿತ್ತು. ದೇವಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂವರೂ ಒಂದೇ ಶಾಲೆಯವರು. ಒಬ್ಬಳು ಸುರಪುರದಲ್ಲೇ ಇದ್ದ ಗುಮಾಸ್ತರ ಮಗಳು, ಪರೀಕ್ಷೆಯಲ್ಲಿ ಸದಾ ತರಗತಿಗೇ ಮೊದಲು ಬರುವವಳು. ಇನ್ನೊಬ್ಬಳು ದೇವಾಪುರದಲ್ಲಿ ನಮ್ಮ ಓಣಿಯವಳು, ನನ್ನ ಗೆಳತಿ. ಕಾಲುವೆಯ ಕೊನೆಯಲ್ಲಿ ಅವರಿಗೆ ಒಂದೆಕರೆ ಹೊಲವಿತ್ತು. ಅದು ಸಾಲದೆ ಅವಳ ಅಪ್ಪ ಅವ್ವ ಉಳಿದ ದಿನ ಕೂಲಿಗೆ ಹೋಗುತ್ತಿದ್ದರು. ನನ್ನ ಅಪ್ಪ ಅದೇ ಕಾಲುವೆಯ ಗೇಟು ತೆಗೆದು ಮುಚ್ಚುವ ನೌಕರ.

ಗುಮಾಸ್ತರ ಮಗಳು ಪ್ರಶ್ನೆಪತ್ರಿಕೆಯನ್ನು ತೊಡೆಯ ಮೇಲೆ ಹರಡಿ ಒಂದನೆಯ ಪ್ರಶ್ನೆಯಿಂದ ಶುರುಮಾಡಿದಳು. 'ಮಳೆಗಾಲ' ಆದೇಶ ಸಂಧಿ, ಮೂವರದೂ ಸರಿ. 'ಕೆಂದಾವರೆ' ಕರ್ಮಧಾರಯ ಸಮಾಸ. ನಾನು ತತ್ಪುರುಷ ಎಂದು ಬರೆದಿದ್ದೆ. ಪತ್ರಲೇಖನದಲ್ಲಿ ದಿನಾಂಕ ಹಾಕಲು ಮರೆತದ್ದು ಅಲ್ಲಿ ಕೂತ ಮೇಲೆ ನೆನಪಾಯಿತು. ಹೀಗೆ ಒಂದೊಂದೇ ಅಂಕ ಕಳೆದುಕೊಳ್ಳುತ್ತ ನಾನು ಕೊನೆಯ ಪದ್ಯದವರೆಗೆ ಬಂದೆ.

ಅದು ಪಠ್ಯಪುಸ್ತಕದಲ್ಲಿ ಇಲ್ಲದ ಪದ್ಯ. ಪರೀಕ್ಷೆಯಲ್ಲೇ ಮೊದಲ ಸಲ ಓದಿ ಉತ್ತರಿಸಬೇಕಾದದ್ದು. ಎಂಟೇ ಸಾಲು. ಇಳಿಹೊತ್ತಿನಲ್ಲಿ ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ನಿಂತಿದ್ದಾಳೆ, ಒಂದೇ ದಿಕ್ಕಿಗೆ ನೋಡುತ್ತಿದ್ದಾಳೆ, ಕಾಲು ಸೋತರೂ ಕೂರುವುದಿಲ್ಲ. ಅವಳು ಕಾಯುತ್ತಿರುವುದೇಕೆ, ಅವಳ ಮನಸ್ಸು ಹೇಗಿದೆ, ವಿವರಿಸಿ ಎಂದು ಕೇಳಿದ್ದರು. ನಾಲ್ಕು ಅಂಕ.

"ಗಂಡನ್ನ ಕಾಯಾಕತ್ತಾಳ" ಎಂದಳು ಗುಮಾಸ್ತರ ಮಗಳು. "ವಿರಹ ಅಂತ ಒಂದು ಮಾತು ಬರೀಬೇಕು. ನಾ ಎರಡು ಸಲ ಬರದೀನಿ. ನೀ ಏನು ಬರದಿ?"

ನಾನು ಬರೆದದ್ದು ಬೇರೆ. ಶಾಲೆಗೆ ಹೋದ ಮಗಳು ಇನ್ನೂ ಬಂದಿಲ್ಲ ಎಂದು ತಾಯಿ ಕಾಯುತ್ತಿದ್ದಾಳೆ ಎಂದು ಬರೆದಿದ್ದೆ. ಬಸ್ಸು ತಪ್ಪಿದ ದಿನ ನನ್ನ ಅವ್ವ ಹಾಗೆ ನಿಲ್ಲುತ್ತಿದ್ದಳು. ಆದರೆ ಮೊದಲು ಬರುವವಳು ಗಂಡ ಎಂದ ಮೇಲೆ ಬಾಯಿ ಬಿಡಲು ಧೈರ್ಯವಾಗಲಿಲ್ಲ.

"ನಂದೂ ಅದೇ" ಎಂದುಬಿಟ್ಟೆ.

ಗೆಳತಿ ನಮ್ಮಿಬ್ಬರ ಮುಖ ನೋಡಿದಳು. "ನಾ ನೀರಿಗೆ ಅಂತ ಬರದೀನಿ" ಎಂದಳು.

"ನೀರಿಗೆ ಅಂದ್ರ? ಕುಡಿಯಾಕ?"

"ಹೊಲಕ್ಕ. ಕಾಲುವಿ ನೀರು. ಅವರ ಪಾಳಿ ಬಂದಿಲ್ಲ, ಅದಕ್ಕ ನಿಂತಾಳ."

ಗುಮಾಸ್ತರ ಮಗಳು ನಕ್ಕಳು. ಕೆಟ್ಟ ಮನಸ್ಸಿನ ನಗುವಲ್ಲ, ಆದರೂ ನಕ್ಕಳು. ಗೆಳತಿ ಪ್ರಶ್ನೆಪತ್ರಿಕೆಯನ್ನು ತನ್ನ ಕಡೆಗೆ ಎಳೆದುಕೊಂಡು ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡು. ಕೈಯಾಗ ಸಲಿಕಿ ಐತಿ, ನೀರು ತಿರುವಾಕ. ಗಂಡನ್ನ ಕಾಯಾಕಿ ಸಲಿಕಿ ಯಾಕ ಹಿಡ್ಕೋತಾಳ?"

ಸಲಿಕೆ ನಿಜವಾಗಿಯೂ ಅಲ್ಲಿತ್ತು. ನಾನು ಆ ಪದ್ಯವನ್ನು ಮೂರು ಸಲ ಓದಿದ್ದೆ, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಷ್ಟರಲ್ಲಿ ಪತ್ರಿಕೆ ಹೇಗಿತ್ತು ಎಂದು ವಿಚಾರಿಸಲು ನಮ್ಮ ಕನ್ನಡ ಮಾಸ್ತರು ಸೈಕಲ್ ಮೇಲೆ ಬಂದರು. ಗುಮಾಸ್ತರ ಮಗಳೇ ಎದ್ದು ನಿಂತು, ಆ ಹೆಂಗಸು ಕಾಯುವುದು ಗಂಡನನ್ನೋ, ಇವಳು ಬರೆದ ಹಾಗೆ ನೀರನ್ನೋ ಎಂದು ಕೇಳಿದಳು. ಅವರಿಗೆ ಅವಸರವಿತ್ತು. ಪತ್ರಿಕೆಯ ಮೇಲೆ ಒಮ್ಮೆ ಕಣ್ಣಾಡಿಸಿದರು, ಅಷ್ಟೇ.

"ಅದು ಭಾವಗೀತೆ ಅದವ್ವ. ಭಾವ ಬರೀಬೇಕು. ಗಂಡನ ದಾರಿ ಕಾಯೋದು, ವಿರಹ, ಇಂಥಾದ್ದು. ನೀರು, ಕಾಲುವಿ ಅಂತ ಬರೆದ್ರ ಯಾರು ಮಾರ್ಕ್ಸ್ ಕೊಡ್ತಾರ?"

"ಹೌದ್ರಿ ಸರ್" ಎಂದಳು ಗೆಳತಿ. ತನ್ನ ಪತ್ರಿಕೆಯನ್ನು ನಾಲ್ಕಾಗಿ ಮಡಚಿ, ಮತ್ತೆ ಎಂಟಾಗಿ ಮಡಚಿ ಕಂಪಾಸ್ ಡಬ್ಬಿಯೊಳಗೆ ತುರುಕಿದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಕಾರಣ ನನಗೆ ಗೊತ್ತಿತ್ತು. ಫಸ್ಟ್ ಕ್ಲಾಸ್ ಬಂದರೆ ಶಹಾಪುರದ ಕಾಲೇಜಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಹೊಲಕ್ಕೆ ಬಾ ಎಂದು ಅವಳ ಅವ್ವ ಹೇಳಿದ್ದಳು. ಗಣಿತದಲ್ಲಿ ಅವಳಿಗೆ ನಂಬಿಕೆ ಇರಲಿಲ್ಲ. ಕನ್ನಡವೇ ಕೈಹಿಡಿಯಬೇಕಿತ್ತು. ಊರಲ್ಲಿ ಇಳಿಯುವಾಗ ಮಾತ್ರ ಹೇಳಿದಳು, "ಗಣಿತಕ್ಕ ನಾ ಬರಂಗಿಲ್ಲ. ಹೋಗಿದ್ದು ಹೋತು."

ಸಂಜೆ ಅಪ್ಪ ಕಾಲುವೆಯಿಂದ ಬಂದು ಕೈಕಾಲು ತೊಳೆದ. ಅಪ್ಪ ಸಣ್ಣವನಿದ್ದಾಗ ಎರಡು ವರ್ಷ ಉರ್ದು ಶಾಲೆಗೆ ಹೋಗಿದ್ದ. ಕನ್ನಡ ಅಕ್ಷರ ಕೂಡಿಸಿ ಓದಲು ಅವನಿಗೆ ತ್ರಾಸು. ಆದ್ದರಿಂದ ನಾನೇ ಪದ್ಯವನ್ನು ಓದಿ ಹೇಳಿದೆ. ಯಾರ ಉತ್ತರ ಏನೆಂದು ಹೇಳಲಿಲ್ಲ.

"ಮೂರನೇ ಸಾಲು ಇನ್ನೊಮ್ಮೆ ಓದು" ಎಂದ.

ಓದಿದೆ.

"ಮತ್ತೇನು ಕೇಳ್ತಿ? ನೀರಿಗೆ ನಿಂತಾಳ. ಮ್ಯಾಲಿನ ಹೊಲದವ್ರು ನೀರು ಬಿಟ್ಟುಕೊಡೋತನ ಪಾಳಿಗೆ ನಿಂತವ್ರು ಕೂಡಂಗಿಲ್ಲ. ಕುಂತ್ರ ಮತ್ತೊಬ್ರು ತಮ್ಮ ಹೊಲಕ್ಕ ತಿರುವಿಕೋತಾರ. ದಿನಾ ನೋಡ್ತೀನಿ ನಾ. ನೀರು ತಡ ಆದ್ರ ನನ್ನ ಬೈತಾರ ಸೈತ."

ಮರುದಿನ ರಜೆ. ಬೆಳಿಗ್ಗೆ ಎದ್ದವಳೇ ಗೆಳತಿಯ ಮನೆಗೆ ಹೋದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಪ್ಪ ಹೇಳಿದ್ದನ್ನು ಹೇಳಿದೆ.

"ನಿಮ್ಮಪ್ಪ ಪೇಪರ್ ತಿದ್ದಂಗಿಲ್ಲಲ್ಲ" ಎಂದಳು, ತಲೆ ಎತ್ತದೆ.

ಪಕ್ಕದಲ್ಲಿ ಕೂತು ಜೋಳದೊಳಗಿನ ಕಲ್ಲು ಆರಿಸಿದೆ. ಆಮೇಲೆ, "ನಾ ನಿನ್ನಿ ಸುಳ್ಳು ಹೇಳಿದೆ" ಎಂದೆ. "ನಾ ಗಂಡ ಅಂತ ಬರದಿಲ್ಲ. ಮಗಳನ್ನ ಕಾಯಾಕತ್ತಾಳ ಅಂತ ಬರದೀನಿ."

ಮೊರ ನಿಂತಿತು. "ಮತ್ತ ಅಲ್ಲಿ ಯಾಕ ಹಂಗಂದಿ?"

"ಆಕಿ ಫಸ್ಟ್ ಬರ್ತಾಳಲ್ಲ. ಅಂಜಿಕಿ ಆತು."

ಅವಳು ಸಿಟ್ಟಿಗೇಳುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಿಗೆದ್ದಳು ಕೂಡ, ಸ್ವಲ್ಪ. "ನಾ ಒಬ್ಬಾಕೇ ಹುಚ್ಚಿ ಅಂತ ರಾತ್ರಿ ಊಟ ಬಿಟ್ಟೀನಿ" ಎಂದಳು. ನಾನು ತಲೆ ತಗ್ಗಿಸಿದೆ. ಅವಳ ಅವ್ವ ಒಳಗಿನಿಂದ, ಊಟ ಬಿಟ್ಟದ್ದು ಯಾಕೆ ಎಂದು ಈಗ ತಿಳಿಯಿತು, ಇಬ್ಬರೂ ಎದ್ದು ರೊಟ್ಟಿ ತಿನ್ನಿರಿ ಎಂದಳು. ತಿಂದೆವು. ಬಳಿಕ ಅವಳೇ ಗಣಿತದ ಪುಸ್ತಕ ತಂದು, "ಈ ಬಡ್ಡಿ ಲೆಕ್ಕ ತಿಳಿವಲ್ದು, ಹೇಳು" ಎಂದಳು.

ಗಣಿತಕ್ಕೆ ಅವಳು ಬಂದಳು, ಉಳಿದ ಪತ್ರಿಕೆಗಳಿಗೂ ಬಂದಳು. ಪರೀಕ್ಷೆ ಮುಗಿದೊಡನೆ ನಾವಿಬ್ಬರೂ ಪ್ರಶ್ನೆಪತ್ರಿಕೆ ಮಡಚಿ ಇಟ್ಟು ನೇರ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆವು.

ಫಲಿತಾಂಶದ ದಿನ ಅವಳಿಗೆ ಫಸ್ಟ್ ಕ್ಲಾಸ್ ಬಂದಿತ್ತು, ಅಂಚಿನಲ್ಲಿ. ಕನ್ನಡದಲ್ಲಿ ನನಗಿಂತ ಹೆಚ್ಚು, ಗುಮಾಸ್ತರ ಮಗಳಿಗಿಂತ ಕಡಿಮೆ. ಯಾವ ಪ್ರಶ್ನೆಗೆ ಎಷ್ಟು ಬಂತೆಂದು ಅಂಕಪಟ್ಟಿಯಲ್ಲಿ ಬರೆದಿರುವುದಿಲ್ಲ. ಆ ನಾಲ್ಕು ಅಂಕ ಅವಳಿಗೆ ಸಿಕ್ಕವೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಕನ್ನಡ ಮಾಸ್ತರು ನಮ್ಮ ಮೂವರನ್ನೂ ಶಾಲೆಯ ವರಾಂಡದಲ್ಲಿ ನಿಲ್ಲಿಸಿದರು. "ಆ ಪದ್ಯ ಆಮ್ಯಾಲ ಮನ್ಯಾಗ ಕುಂತು ಓದಿದ್ನವ್ವ" ಎಂದರು ಗೆಳತಿಗೆ. "ಸಲಿಕಿ ಅದ ಅದರಾಗ. ಅವತ್ತು ನಾ ಓದದೇನೇ ಹೇಳಿಬಿಟ್ಟೆ."

"ಇರ್ಲಿ ಬಿಡ್ರಿ ಸರ್."

ಮಾಸ್ತರೊಬ್ಬರು ವಿದ್ಯಾರ್ಥಿಯ ಮುಂದೆ ಹಾಗೆ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರು ಹೋದ ಮೇಲೆ ಗುಮಾಸ್ತರ ಮಗಳು ಮೆಲ್ಲಗೆ ಹೇಳಿದಳು, "ಸಲಿಕಿ ನಾನೂ ನೋಡಿದ್ದೆ. ಆದ್ರ ತಿದ್ದಾವ್ರಿಗೆ ಏನು ಬೇಕೋ ಅದನ್ನ ಬರೆದೆ. ಅವತ್ತು ನಗಬಾರದಿತ್ತು ನಾ." ಗೆಳತಿ ಅವಳ ಅಂಕಪಟ್ಟಿ ಇಸಿದುಕೊಂಡು ನೋಡಿ, "ಇಂಗ್ಲಿಷಿನ್ಯಾಗ ಇಷ್ಟು ಹೆಂಗ ತೆಗೆದಿ?" ಎಂದು ಕೇಳಿದಳು. ಇಬ್ಬರೂ ಅದನ್ನೇ ಮಾತಾಡುತ್ತ ಗೇಟಿನವರೆಗೆ ನಡೆದರು.

ಗುಮಾಸ್ತರ ಮಗಳು ವಿಜ್ಞಾನ ಓದಲು ಯಾದಗಿರಿಗೆ ಹೋದಳು. ಗೆಳತಿಯ ಅವ್ವ ಮಾತು ಉಳಿಸಿಕೊಂಡಳು. ಮಳೆಗಾಲ ಶುರುವಾಗುವ ಹೊತ್ತಿಗೆ ನಾವಿಬ್ಬರೂ ಶಹಾಪುರದ ಕಾಲೇಜಿಗೆ ಸೇರಿದೆವು. ಮೊದಲ ದಿನ ಬಸ್ಸು ಕಿಕ್ಕಿರಿದಿತ್ತು. ಅವಳು ನನಗಿಂತ ಮುಂಚೆ ನುಗ್ಗಿ ಸೀಟು ಹಿಡಿದು, ಪಕ್ಕದಲ್ಲಿ ಟವೆಲ್ ಹಾಕಿ, ನನ್ನನ್ನು ಕೂಗಿದಳು. ಟಿಕೆಟಿಗೆ ಚಿಲ್ಲರೆ ತಂದಿದ್ದೀಯಾ ಎಂದು ಕೇಳಿದಳು. ತಂದಿದ್ದೆ.