ತಲೆ ಕತ್ತರಿಸಿದ ಮಾರ್ಚ್ ಸಂಚಿಕೆ

ಡಿಂಪ್ನಾ ಟೂಹಿ ನಲವತ್ತೊಂದು ವರ್ಷ ಅತೆನ್ರೈ ಊರಿನ ಪತ್ರಿಕೆ ಅಂಗಡಿಯಲ್ಲಿ ಕತ್ತರಿ ಹಿಡಿದವಳು. ಮಾರಾಟವಾಗದೆ ಉಳಿದ ಪತ್ರಿಕೆಗಳಲ್ಲಿ ಹೆಸರು, ತಾರೀಖು ಇರುವ ಮುಖಪುಟವನ್ನಷ್ಟೇ ಕತ್ತರಿಸಿ ಡಬ್ಲಿನ್‌ಗೆ ಹಿಂದಕ್ಕೆ ಕಳಿಸುವುದು, ಮಿಕ್ಕಿದ್ದನ್ನು ಒಲೆಗೆ ಹಾಕುವುದು ಅಲ್ಲಿನ ರೂಢಿ.

ಎಂಬತ್ತಾರರ ಮಾರ್ಚಿನಲ್ಲಿ 'ದಿ ಗೇಬಲ್' ಎಂಬ ರಾಜಕೀಯ ಮಾಸಿಕದಲ್ಲಿ ಅವಳ ಗಂಡ ಮಾಲಕಿ ಟೂಹಿಯ ಮಾತು ಅಚ್ಚಾಯಿತು: ತಾನು ದುಡಿಯುವ ಕಾರ್ಖಾನೆ ಹೊಳೆಗೆ ವಿಷ ಬಿಟ್ಟು ಮೀನು ಸಾಯಿಸುತ್ತಿದೆ ಎಂದು. ಮೂರನೆಯ ದಿನವೇ ಕಾರ್ಖಾನೆಯ ವಕೀಲರು ಗುಡುಗಿದರು. ಪತ್ರಿಕೆಯವರು ಹೆದರಿ ಪ್ರತಿಗಳನ್ನೆಲ್ಲ ಹಿಂದಕ್ಕೆ ತರಿಸಿಕೊಂಡರು. ಏಪ್ರಿಲ್ ಸಂಚಿಕೆಯಲ್ಲಿ ಅವರ ಕ್ಷಮಾಪಣೆ ಬಂತು. ಮಾಲಕಿಯ ಕೆಲಸ ಹೋಯಿತು. ನೆರೆಮನೆಯ ಪ್ಯಾಕಿ ಪಬ್‌ನಲ್ಲಿ, "ಮೀನಿಗೆ ಜ್ವರ ಇಳೀತೇನಪ್ಪ?" ಎಂದು ಹಂಗಿಸುತ್ತಿದ್ದ. ಸುಳ್ಳುಗಾರ ಎನ್ನಿಸಿಕೊಂಡೇ ಮಾಲಕಿ ಸತ್ತ. ಡಿಂಪ್ನಾ ಎಲ್ಲ ಮುಖಪುಟಗಳನ್ನೂ ಕತ್ತರಿಸಿ ಕಳಿಸಿದ್ದಳು; ಮುಖಪುಟ ಹೋಗಿ ಉಳಿದ ಒಂದರ ಮುಂಡವನ್ನು ಮಾತ್ರ ಬಿಸಿನೀರಿನ ತೊಟ್ಟಿಯ ಕಪಾಟಿನಲ್ಲಿ ಟವೆಲುಗಳ ಕೆಳಗೆ ಬೆಚ್ಚಗೆ ಇಟ್ಟಿದ್ದಳು.

ಈಗ 'ಗೇಬಲ್'ನ ಹಳೆಯ ಸಂಚಿಕೆಗಳೆಲ್ಲ ಕಂಪ್ಯೂಟರಿಗೆ ಬಂದಿವೆ. ಊರಿನ ಗ್ರಂಥಾಲಯದಲ್ಲಿ ಕೂತು ಅವಳು ಗಂಡನ ಹೆಸರು ಒತ್ತಿದಳು. ಸಿಕ್ಕಿದ್ದು ಒಂದೇ, ಆ ಕ್ಷಮಾಪಣೆ; ಮಾರ್ಚ್ ಸಂಚಿಕೆಯೇ ಅಲ್ಲಿರಲಿಲ್ಲ. ಮರುದಿನವೇ ಮುಂಡವನ್ನು ಬ್ರೆಡ್ಡಿನ ಚೀಲದಲ್ಲಿ ಸುತ್ತಿಕೊಂಡು ಗಾಲ್ವೇ ಬಸ್ಸು ಹತ್ತಿದಳು.

ಅಲ್ಲಿ 'ಗೇಬಲ್'ನ ಸಂಗ್ರಹ ನೋಡಿಕೊಳ್ಳುವ ಓರ್ಲಾ ಪುಟ ತಿರುವಿದಳು. "ತಲೆನೇ ಇಲ್ವಲ್ಲ, ಡಿಂಪ್ನಾ. ಯಾವ ತಿಂಗಳದು ಅಂತ ಬರ್ಕೊಳ್ಲಿ?"

"ಕತ್ತರಿಸಿದ್ದೇ ನಾನು. ನಂಗೆ ಗೊತ್ತಿರಲ್ವಾ?"

"ನೀವು ಹೇಳಿದ್ರೆ ಸಾಲ್ದು. ಅಚ್ಚಾದ ಸಾಕ್ಷಿ ಬೇಕು."

"ಮೊದ್ಲು ಒಂದು ಟೀ ಕೊಡು ತಾಯಿ. ಆಮೇಲೆ ಏಪ್ರಿಲ್‌ದು ತೆಗ್ದು ಆ ಕ್ಷಮಾಪಣೆ ಓದು. ಗಟ್ಟಿಯಾಗಿ."

ಓರ್ಲಾ ಓದಿದಳು: "ಮಾರ್ಚ್ ಸಂಚಿಕೆಯ ಹದಿನಾಲ್ಕನೆಯ ಪುಟದಲ್ಲಿ, ಮೂರು ಸತ್ತ ಸಾಲ್ಮನ್ ಮೀನುಗಳ ಚಿತ್ರದ ಕೆಳಗೆ, ಶ್ರೀ ಮಾಲಕಿ ಟೂಹಿ ಅವರು ಹೇಳಿದ ಮಾತಿಗೆ ವಿಷಾದಿಸುತ್ತೇವೆ..."

ಡಿಂಪ್ನಾ ಹದಿನಾಲ್ಕನೆಯ ಪುಟ ಬಿಚ್ಚಿಟ್ಟಳು. ಮೂರು ಮೀನು. ಕೆಳಗೆ ಮಾಲಕಿ.

"ವಕೀಲ್ರು ಎಷ್ಟು ಚೊಕ್ಕವಾಗಿ ಬರೆಸಿದಾರೆ ನೋಡು. ಪುಟ ಸಮೇತ."

ಓರ್ಲಾ ನಕ್ಕುಬಿಟ್ಟಳು. "ಆ ಕಾರ್ಖಾನೆ ಮುಚ್ಚಿಹೋಗಿ ಯಾವ ಕಾಲ ಆಯ್ತು, ದಾವೆ ಹಾಕೋಕೂ ಈಗ ಯಾರೂ ಇಲ್ಲ. ಸೇರಿಸ್ತೀನಿ ಬಿಡಿ."

ಮುಂದಿನ ಗುರುವಾರ ಡಿಂಪ್ನಾ ಊರಿನ ಗ್ರಂಥಾಲಯದಲ್ಲಿ ಮತ್ತೆ ಗಂಡನ ಹೆಸರು ಒತ್ತಿದಳು. ಎರಡು ಸಿಕ್ಕವು, ಮಾರ್ಚ್ ಮೇಲೆ, ಏಪ್ರಿಲ್ ಕೆಳಗೆ. ಆಚೆ ಮೇಜಿನಲ್ಲಿ ಪ್ಯಾಕಿ ಕುದುರೆ ಜೂಜಿನ ಪುಟ ನೋಡುತ್ತಿದ್ದ.

"ಪ್ಯಾಕಿ, ಕನ್ನಡಕ ಹಾಕ್ಕೊಂಡು ಬಾ ಇಲ್ಲಿ," ಎಂದು ಅವಳು ಪಕ್ಕದ ಕುರ್ಚಿ ಎಳೆದಳು. "ಮೇಲಿಂದು ಮೊದ್ಲು ಓದು."